ಹಿಟ್ಟಿನ ಕೋಳಿಯ ಲೆಕ್ಕ

ಜನ್ನನ ‘ಯಶೋಧರ ಚರಿತೆ’ಯನ್ನು ಓದಿದವರಾರೂ ಹಿಟ್ಟಿನ ಕೋಳಿಯನ್ನು ಮರೆಯಲಾರರು. ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನಲ್ಲಿ ಮಾಡಿಸಿದ ಕೋಳಿಯೊಂದನ್ನು ಚಂಡಮಾರಿಗೆ ಒಪ್ಪಿಸುತ್ತಾನೆ. ಆದರೆ ಅದರ ಅಂದಕ್ಕೆ ಮರುಳಾಗಿ ಒಳಹೊಕ್ಕಿದ್ದ ಬೆಂತರವು ಕತ್ತಿಯ ಪೆಟ್ಟು ಬಿದ್ದೊಡನೆ ಕೂಗಿಕೊಳ್ಳುತ್ತದೆ. ಆ ಕೂಗಿನ ಫಲವಾಗಿ ತಾಯಿಮಕ್ಕಳು ಹಲವು ಪ್ರಾಣಿಜನ್ಮಗಳಲ್ಲಿ ತೊಳಲಿ, ಕಡೆಗೆ ತಾವೇ ಕೋಳಿಗಳಾಗಿ ಹುಟ್ಟಿ ಸಾಯುತ್ತಾರೆ. 1209ರಲ್ಲಿ ರಚಿತವಾದ ಈ ಕಾವ್ಯದ ತಿರುಳು ಸಂಕಲ್ಪಹಿಂಸೆ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಕೈಗೆತ್ತಿಕೊಂಡದ್ದೂ ಆ ತಿರುಳನ್ನೇ. ಇಂದು ನಾನು ಹೇಳಹೊರಟಿರುವುದು ಅದನ್ನಲ್ಲ, ಹಿಟ್ಟಿನ ವಿಚಾರವನ್ನು.

ಒಂದು ಕೋಳಿಯಾಗಲು ಎಷ್ಟು ಹಿಟ್ಟು ಬೇಕಾಯಿತು? ಕವಿ ಹೇಳಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆದರೆ ನಮ್ಮ ಕಾಲದಲ್ಲಿ ಹಿಟ್ಟಿನಿಂದ ಕೋಳಿಯನ್ನು ಮಾಡುವ ಕೆಲಸ ಹಗಲಿರುಳೂ ನಡೆಯುತ್ತಿದೆ. ಮೆಕ್ಕೆಜೋಳದ ನುಚ್ಚು ಐದಾರು ಪಾಲು, ಎಣ್ಣೆ ತೆಗೆದ ಸೋಯಾ ಹಿಂಡಿ ಮೂರು ಪಾಲು, ಉಳಿದಂತೆ ಒಂದಿಷ್ಟು ಎಣ್ಣೆ, ಸುಣ್ಣಾಂಶ, ಲವಣ, ಜೀವಸತ್ವಗಳು: ಇವನ್ನು ಅರೆದು ಬೆರೆಸಿದ ಹಿಟ್ಟು ಒಂದು ತುದಿಯಲ್ಲಿ ಹೋಗುತ್ತದೆ, ಐದಾರು ವಾರಗಳಲ್ಲಿ ಇನ್ನೊಂದು ತುದಿಯಿಂದ ಎರಡು ಕಿಲೋ ತೂಗುವ ಕೋಳಿ ಹೊರಬರುತ್ತದೆ. ಪ್ರತಿಯೊಂದು ಹಿಡಿ ಹಿಟ್ಟಿಗೂ ಲೆಕ್ಕವುಂಟು. ಒಂದು ಕಿಲೋ ಮೈತೂಕ ಬೆಳೆಯಲು ಎಷ್ಟು ಕಿಲೋ ಆಹಾರ ವ್ಯಯವಾಯಿತೆಂಬ ಆ ಪ್ರಮಾಣವನ್ನು ಕೋಳಿ ಸಾಕುವ ರೈತರು ‘ಎಫ್‌ಸಿಆರ್’ ಎಂದು ಸಲೀಸಾಗಿ ಹೇಳುತ್ತಾರೆ. ಇಂಗ್ಲಿಷಿನ ಗಂಧವಿಲ್ಲದವರ ಬಾಯಲ್ಲೂ ಈ ಮೂರಕ್ಷರ ನೆಲೆಗೊಂಡಿದೆ. ಅದಕ್ಕೆ ಕಾರಣವೂ ಸ್ಪಷ್ಟ. ಮರಿಯನ್ನೂ ಫೀಡನ್ನೂ ಔಷಧವನ್ನೂ ಕಂಪನಿಯೇ ಕೊಟ್ಟು, ಶೆಡ್ಡನ್ನೂ ದುಡಿಮೆಯನ್ನೂ ರೈತನಿಂದ ಪಡೆಯುವ ಕರಾರಿನ ಸಾಕಣೆಯಲ್ಲಿ ಅವನ ಕೈಗೆ ಸೇರುವ ಕೂಲಿ ಈ ಅಂಕಿಯನ್ನು ಅವಲಂಬಿಸಿರುತ್ತದೆ. ಅಂಕಿ 1.6ರ ಆಸುಪಾಸಿನಲ್ಲಿದ್ದರೆ ಮುಖ ಅರಳುತ್ತದೆ. ಎರಡನ್ನು ಮುಟ್ಟಿತೆಂದರೆ ಆ ಬ್ಯಾಚಿನಲ್ಲಿ ದುಡಿದದ್ದು ನೀರಿನ ಮೇಲಣ ಹೋಮ.

ಈ ಅಂಕಿಗೆ ಒಂದು ಚರಿತ್ರೆಯುಂಟು. ಅಮೆರಿಕದ ಡೆಲವೇರ್ ಪ್ರಾಂತದಲ್ಲಿ 1923ರಲ್ಲಿ ಸೆಸಿಲ್ ಸ್ಟೀಲ್ ಎಂಬ ಗೃಹಿಣಿ ಮೊಟ್ಟೆಗಾಗಿ 50 ಮರಿಗಳನ್ನು ತರಿಸಿದಾಗ ತಪ್ಪಿನಿಂದ 500 ಬಂದುವಂತೆ. ಆಕೆ ಅವನ್ನು ಹಿಂದಿರುಗಿಸದೆ ಸಾಕಿ ಮಾಂಸಕ್ಕೆ ಮಾರಿದಳು. ಮಾಂಸಕ್ಕೆಂದೇ ಕೋಳಿ ಸಾಕುವ ಉದ್ಯಮದ ಬೀಜ ಅಲ್ಲಿ ಬಿತ್ತು. ಅದಕ್ಕೆ ಮುನ್ನ ಕೋಳಿಯ ಮಾಂಸವೆಂಬುದು ಮೊಟ್ಟೆ ನಿಲ್ಲಿಸಿದ ಹೇಂಟೆಯಿಂದಲೋ ಬೇಡವಾದ ಹುಂಜದಿಂದಲೋ ದೊರೆಯುವ ಉಪಫಲವಾಗಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ‘ನಾಳೆಯ ಕೋಳಿ’ ಎಂಬ ಹೆಸರಿನ ಸ್ಪರ್ಧೆಯೊಂದು ಏರ್ಪಟ್ಟಿತು. ಎದೆ ಅಗಲವಾಗಿರಬೇಕು, ಬೇಗ ಬೆಳೆಯಬೇಕು, ತಿಂದದ್ದು ಮೈಗೆ ಹತ್ತಬೇಕು. 1948ರ ಅಂತಿಮ ಸುತ್ತಿನಲ್ಲಿ ಕ್ಯಾಲಿಫೋರ್ನಿಯದ ಚಾರ್ಲ್ಸ್ ವ್ಯಾಂಟ್ರೆಸ್ ಎಂಬವನ ಮಿಶ್ರತಳಿ ಗೆದ್ದಿತು. ಇಂದಿನ ಮಾಂಸದ ಕೋಳಿಗಳ ವಂಶವೃಕ್ಷವನ್ನು ಹಿಡಿದು ಹೊರಟರೆ ಆ ಸ್ಪರ್ಧೆಯ ಅಂಗಳದ ಬಳಿಗೆ ಬಂದು ತಲಪುತ್ತೇವೆ.

ಅಲ್ಲಿಂದ ಮುಂದೆ ಆದ ಬದಲಾವಣೆ ಎಂಥದೆಂಬುದನ್ನು ಕೆನಡದ ಆಲ್ಬರ್ಟ ವಿಶ್ವವಿದ್ಯಾನಿಲಯದವರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಕಣ್ಣಿಗೆ ಕಟ್ಟುವಂತೆ ತೋರಿಸಿಕೊಟ್ಟಿತು. 1957ರ ಮತ್ತು 1978ರ ತಳಿಗಳನ್ನು ಅವರು ಬೆರಕೆಯಾಗದಂತೆ ಕಾಪಾಡಿಕೊಂಡು ಬಂದಿದ್ದರು. ಅವುಗಳ ಜೊತೆಗೆ 2005ರ ವಾಣಿಜ್ಯ ತಳಿಯೊಂದನ್ನು ಇಟ್ಟು, ಮೂರಕ್ಕೂ ಒಂದೇ ಬಗೆಯ ಆಹಾರವನ್ನು ಹಾಕಿದರು. 56 ದಿನಗಳಾದಾಗ 1957ರ ಕೋಳಿ 905 ಗ್ರಾಂ ತೂಗಿತು. 1978ರದು 1,808 ಗ್ರಾಂ. 2005ರದು 4,202 ಗ್ರಾಂ. ತಿನ್ನಿಸಿದ್ದು ಬೇರೆಯಲ್ಲ, ತಿಂದ ಮೈ ಬೇರೆ. ಒಂದೊಂದು ಕಿಲೋ ಬೆಳವಣಿಗೆಗೆ ಬೇಕಾದ ಆಹಾರವಾದರೋ ಸುಮಾರು ಅರ್ಧಕ್ಕೆ ಇಳಿದಿತ್ತು.

ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಲು ಮ್ಯಾಕ್ಸ್ ಕ್ಲೈಬರ್ ಎಂಬ ಶರೀರಶಾಸ್ತ್ರಜ್ಞನು ಕೊಟ್ಟ ಒಂದು ದೃಷ್ಟಾಂತ ಬಹು ಉಪಕಾರಿಯಾದುದು. ಒಂದು ಟನ್ ಒಣಹುಲ್ಲಿದೆ ಎನ್ನೋಣ. ಅದನ್ನು 1,300 ಪೌಂಡು ತೂಗುವ ಒಂದು ಎತ್ತಿಗೆ ಹಾಕಬೇಕೋ, ಒಟ್ಟಾಗಿ ಅಷ್ಟೇ ತೂಗುವ 300 ಮೊಲಗಳಿಗೆ ಹಾಕಬೇಕೋ? ಮೊಲಗಳು 30 ದಿನಗಳಲ್ಲಿ ಹುಲ್ಲನ್ನು ಮುಗಿಸುತ್ತವೆ. ಎತ್ತಿಗೆ 120 ದಿನ ಬೇಕು. ಆದರೆ ಹುಲ್ಲು ಮುಗಿದ ದಿನ ತೂಗಿದರೆ ಎರಡು ಕಡೆಯೂ ಹೆಚ್ಚಿದ ತೂಕ ಒಂದೇ: 240 ಪೌಂಡು. ಸಣ್ಣ ಪ್ರಾಣಿ ಬೇಗ ಬೆಳೆಯುವುದು ನಿಜ. ಆದರೆ ಅದರ ಒಡಲ ಬೆಂಕಿ ಅಷ್ಟೇ ವೇಗದಲ್ಲಿ ಉರಿಯುತ್ತದೆ. ಬದುಕಿರುವುದಕ್ಕೆ ತೆರಬೇಕಾದ ಬಾಡಿಗೆ ಎನ್ನಬಹುದು ಅದನ್ನು. ಉಸಿರಾಟಕ್ಕೆ, ಮೈಶಾಖಕ್ಕೆ, ನಡೆದಾಟಕ್ಕೆ ಆಹಾರದ ಒಂದು ಭಾಗ ಪ್ರತಿದಿನವೂ ಸಲ್ಲಲೇಬೇಕು; ಮಿಕ್ಕದ್ದು ಮಾತ್ರ ಮಾಂಸವಾದೀತು. ತಳಿತಜ್ಞರು ಮಾಡಿದ ಕೆಲಸವೆಂದರೆ, ದಿನದ ಬಾಡಿಗೆಯನ್ನು ಹೆಚ್ಚಾಗಿ ಏರಿಸದೆ ದಿನದ ಗಳಿಕೆಯನ್ನು ನಾಲ್ಕೈದು ಪಟ್ಟು ಮಾಡಿ, ಬಾಡಿಗೆ ತೆರಬೇಕಾದ ದಿನಗಳನ್ನು ಕತ್ತರಿಸಿದ್ದು. ಹಿತ್ತಿಲ ಕೋಳಿ ಆರು ತಿಂಗಳ ಬಾಡಿಗೆ ತೆತ್ತು ಬೆಳೆದರೆ ಶೆಡ್ಡಿನ ಕೋಳಿ ನಲವತ್ತು ದಿನಗಳಲ್ಲಿ ಮನೆ ಖಾಲಿ ಮಾಡುತ್ತದೆ.

ಹಸಿವನ್ನೇ ಆಯ್ದು ಆಯ್ದು ಬೆಳೆಸಿದ ಈ ತಳಿಗೆ ಒಂದು ಶಾಪವೂ ಅಂಟಿಕೊಂಡಿದೆ. ಮಾಂಸದ ಕೋಳಿಗಳ ತಾಯಿತಂದೆಗಳು ಮೊಟ್ಟೆಯಿಡುವ ವಯಸ್ಸಿನವರೆಗೆ ಬದುಕಬೇಕಷ್ಟೆ. ಹಸಿವಿಗೆ ತಕ್ಕಂತೆ ತಿನ್ನಲು ಬಿಟ್ಟರೆ ಅವು ಕೊಬ್ಬಿ, ಸಂತಾನಶಕ್ತಿ ಕುಂದಿ, ಅಕಾಲದಲ್ಲಿ ಸಾಯುತ್ತವೆ. ಆದ್ದರಿಂದ ಅವಕ್ಕೆ ಅಳೆದು ಕಡಿಮೆ ಹಾಕುತ್ತಾರೆ. ತಿನ್ನುವುದಕ್ಕಾಗಿಯೇ ರೂಪಿಸಿದ ಜೀವ ತನ್ನ ಆಯುಷ್ಯದ ಬಹುಭಾಗವನ್ನು ಹಸಿದೇ ಕಳೆಯುತ್ತದೆ. ದಕ್ಷತೆಯ ಕೋಷ್ಟಕಗಳಲ್ಲಿ ಈ ಹಸಿವಿಗೆ ಕಲಮು ಇಲ್ಲ. ಹಿಟ್ಟಿನ ಕೋಳಿ ಕೂಗಿತೆಂಬ ಕವಿಕಲ್ಪನೆ ನನಗೆ ನೆನಪಾಗುವುದು ಇಂಥ ಕಡೆ.

ಇರಲಿ, ಲೆಕ್ಕವನ್ನು ಮುಂದುವರಿಸೋಣ. ಎರಡು ಕಿಲೋ ತೂಗುವ ಕೋಳಿ ಸುಮಾರು 3.4 ಕಿಲೋ ಆಹಾರವನ್ನು ತಿಂದಿರುತ್ತದೆ. ಪುಕ್ಕ, ಕರುಳು, ತಲೆ, ಕಾಲು ಕಳೆದು, ಎಲುಬನ್ನೂ ಬಿಡಿಸಿದರೆ ಉಳಿಯುವ ಮಾಂಸ ಹೆಚ್ಚುಕಡಿಮೆ ಒಂದು ಕಿಲೋ. ಅಲ್ಲಿಗೆ 1.7 ಎಂಬ ಅಂಕಿ ತಟ್ಟೆಯ ಬಳಿ ಬರುವ ಹೊತ್ತಿಗೆ ಮೂರೂವರೆಯ ಹತ್ತಿರಕ್ಕೆ ಬಂತು. ಪ್ರೋಟೀನನ್ನು ಲೆಕ್ಕ ಹಾಕಿದರೆ, ಆಹಾರದಲ್ಲಿ ನೂರಕ್ಕೆ 20ರಂತೆ 680 ಗ್ರಾಂ ಒಳಗೆ ಹೋಗಿ, ಮಾಂಸದಲ್ಲಿ 200 ಗ್ರಾಂ ಹೊರಗೆ ಬಂತು. ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಹಾದಿಯಲ್ಲೇ ಕರಗಿತು. ಇದೂ ಎಲ್ಲ ಮಾಂಸಗಳ ಪೈಕಿ ಅತ್ಯಂತ ಮಿತವ್ಯಯದ್ದು! ಕೋಳಿಯ ಪರವಾಗಿ ಹೇಳಬೇಕಾದದ್ದೂ ಇದೆ: ಮಾಂಸದ ಪ್ರೋಟೀನಿನ ಗುಣ ಮೆಕ್ಕೆಜೋಳದ ಪ್ರೋಟೀನಿನ ಗುಣಕ್ಕಿಂತ ಮೇಲು, ಕಳೆದುಹೋದದ್ದರಲ್ಲಿ ಒಂದಂಶ ಹೊಟ್ಟಿನ ಹಾಸಿಗೆಯೊಡನೆ ಬೆರೆತು ಕೋಳಿಗೊಬ್ಬರವಾಗಿ ಶುಂಠಿಯ ಹೊಲಕ್ಕೂ ತೋಟಕ್ಕೂ ಹೋಗುತ್ತದೆ.

ಹಾಗಾದರೆ ಕುರಿ, ಆಡು, ದನಗಳ ಪಾಡೇನು? ಕೋಳಿಗೆ ಹಿಡಿದ ತಕ್ಕಡಿಯನ್ನೇ ಇವಕ್ಕೂ ಹಿಡಿದರೆ ಇವು ದಂಡಪಿಂಡಗಳೆಂದೇ ಹೇಳಬೇಕಾಗುತ್ತದೆ. ಒಂದು ಕಿಲೋ ಪ್ರೋಟೀನು ಕೊಡಲು ಮೆಲುಕು ಹಾಕುವ ಪ್ರಾಣಿಗಳು 133 ಕಿಲೋ ಒಣಮೇವನ್ನು ತೆಗೆದುಕೊಂಡರೆ, ಕೋಳಿ ಹಂದಿಗಳಂಥ ಒಂದೇ ಹೊಟ್ಟೆಯವು 30 ಕಿಲೋದಲ್ಲಿ ಮುಗಿಸುತ್ತವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು 2017ರಲ್ಲಿ ಪ್ರಕಟಿಸಿದ ಗಣನೆ ಇದು. ಆದರೆ ಅದೇ ತಜ್ಞರು ಇನ್ನೊಂದು ಪ್ರಶ್ನೆಯನ್ನೂ ಕೇಳಿದರು. ಈ ಮೇವಿನಲ್ಲಿ ಮನುಷ್ಯನು ತಿನ್ನಬಹುದಾದದ್ದು ಎಷ್ಟು? ಜಗತ್ತಿನ ಸಾಕುಪ್ರಾಣಿಗಳು ವರ್ಷಕ್ಕೆ ತಿನ್ನುವ ಸುಮಾರು 600 ಕೋಟಿ ಟನ್ ಒಣಮೇವಿನಲ್ಲಿ ನೂರಕ್ಕೆ 86 ಪಾಲು ಮನುಷ್ಯನಿಗೆ ಸಲ್ಲದ್ದು: ಹುಲ್ಲು, ಸೊಪ್ಪು, ದಂಟು, ಹೊಟ್ಟು, ಹಿಂಡಿ. ಮನುಷ್ಯನು ತಿನ್ನಬಹುದಾದ ಆಹಾರವನ್ನಷ್ಟೇ ಲೆಕ್ಕಕ್ಕೆ ಹಿಡಿದಾಗ ಫಲಿತಾಂಶ ತಲೆಕೆಳಗಾಯಿತು. ಒಂದು ಕಿಲೋ ಎಲುಬಿಲ್ಲದ ಮಾಂಸಕ್ಕೆ ಮೆಲುಕು ಹಾಕುವ ಪ್ರಾಣಿಗಳು ಸರಾಸರಿ 2.8 ಕಿಲೋ, ಕೋಳಿ ಹಂದಿಗಳು 3.2 ಕಿಲೋ!

ನಮ್ಮ ಭಾಷೆ ಈ ಭೇದವನ್ನು ಮೊದಲಿನಿಂದಲೂ ಬಲ್ಲದು. ದನ ತಿನ್ನುವುದು ಮೇವು. ಮೇಯುವ ಕ್ರಿಯೆಯಿಂದ ಬಂದ ಮಾತು. ಮನುಷ್ಯನು ಉಣ್ಣುವುದು ಕೂಳು. ಒಂದು ರಾಗಿಯ ಪೈರಿನಲ್ಲಿ ತೆನೆ ಒಬ್ಬರಿಗೆ, ಹುಲ್ಲು ಇನ್ನೊಬ್ಬರಿಗೆ. ಜೋಳದಲ್ಲಿ ಕಾಳು ಮನೆಗೆ, ಕಣಿಕೆ ಕೊಟ್ಟಿಗೆಗೆ. ಕಣದಲ್ಲೇ ಪಾಲಾಗುತ್ತಿತ್ತು. ಇಂಗ್ಲಿಷಿನ ‘ಫೀಡ್’ ಎಂಬ ಮಾತು ಮೇವನ್ನೂ ಕೂಳನ್ನೂ ಒಂದೇ ಚೀಲದಲ್ಲಿ ಹಾಕಿಬಿಟ್ಟಿದೆ. ಆ ಚೀಲವನ್ನು ತೂಗಿ ದಕ್ಷತೆಯನ್ನು ಅಳೆದರೆ, ಮುಳ್ಳುಗಿಡದ ಸೊಪ್ಪನ್ನು ತಿಂದ ಆಡೂ ಬೀಸಿದ ಮೆಕ್ಕೆಜೋಳವನ್ನು ತಿಂದ ಕೋಳಿಯೂ ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ಅಳತೆಗೋಲು ತಪ್ಪೆಂದು ನಾನು ಹೇಳುತ್ತಿಲ್ಲ. ಅದು ಕೇಳುವ ಪ್ರಶ್ನೆ ಕಿರಿದು ಎಂದಷ್ಟೇ ನನ್ನ ತಕರಾರು.

ದಖ್ಖನಿನ ಒಣನಾಡಿನಲ್ಲಿ ತಿರುಗುವ ಕುರುಬರ ಹಿಂಡನ್ನು ನೋಡಿ. ಕಪ್ಪು ಉಣ್ಣೆಯ ದಖ್ಖನಿ ಕುರಿ ಯಾವ ಶೆಡ್ಡಿನ ಸ್ಪರ್ಧೆಯಲ್ಲೂ ಬಹುಮಾನ ಪಡೆಯಲಾರದು. ಅದು ನಿಧಾನವಾಗಿ ಬೆಳೆಯುತ್ತದೆ, ದಿನಕ್ಕೆ ಹರದಾರಿಗಟ್ಟಲೆ ನಡೆಯುತ್ತದೆ. ನಡಿಗೆಯಲ್ಲೇ ಬಹಳಷ್ಟು ಬಾಡಿಗೆ ಸಲ್ಲುತ್ತದೆ. ಆದರೆ ಅದು ತಿನ್ನುವುದು ಗೋಮಾಳದ ಹುಲ್ಲು, ಕೊಯ್ದ ಹೊಲದ ಕೂಳೆ, ಬದುವಿನ ಸೊಪ್ಪು. ಸುಗ್ಗಿ ಮುಗಿದ ಮೇಲೆ ರೈತರು ಹಿಂಡನ್ನು ತಮ್ಮ ಹೊಲದಲ್ಲಿ ರಾತ್ರಿ ತರುಬಿಸುತ್ತಾರೆ. ಹಿಕ್ಕೆಯೂ ಗಂಜಲವೂ ನೆಲಕ್ಕೆ ಬಿದ್ದು ಗೊಬ್ಬರವಾಗುತ್ತದೆ. ಅದಕ್ಕಾಗಿ ಕುರಿಗಾರನಿಗೆ ಕಾಳನ್ನೋ ದುಡ್ಡನ್ನೋ ಕೊಡುವ ಪದ್ಧತಿ ಇಂದಿಗೂ ಇದೆ. ತಿಂದದ್ದಕ್ಕೆ ಹಣ ತೆರುವ ಬದಲು, ತಿಂದು ಹೋದದ್ದಕ್ಕೆ ಹಣ ಪಡೆಯುವ ಸಾಕಣೆ ಇದು! 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1 ಕೋಟಿ 11 ಲಕ್ಷ ಕುರಿಗಳಿದ್ದುವು. ಆಂಧ್ರ, ತೆಲಂಗಾಣಗಳನ್ನು ಬಿಟ್ಟರೆ ಭಾರತದಲ್ಲಿ ಇಷ್ಟು ಕುರಿಗಳು ಬೇರೆಲ್ಲೂ ಇರಲಿಲ್ಲ.

ಇಷ್ಟು ಹೇಳಿದೊಡನೆ ಕುರಿಯ ಮಾಂಸ ಪರಿಸರಕ್ಕೆ ಹಿತ, ಕೋಳಿಯದು ಅಹಿತ ಎಂದು ತೀರ್ಪು ಕೊಟ್ಟುಬಿಡುವ ಮೋಹ ಹುಟ್ಟುತ್ತದೆ. ನಮ್ಮಲ್ಲಿ ಹಳ್ಳಿಯ ಬಾಳನ್ನು ಹೊಗಳುವ ಸಾಹಿತ್ಯದ ಅಭ್ಯಾಸವೂ ಈ ಮೋಹಕ್ಕೆ ನೀರೆರೆಯುತ್ತದೆ. ಆದರೆ ಹುಲ್ಲನ್ನು ಮಾಂಸವಾಗಿಸುವ ಆ ಅದ್ಭುತ ಹೊಟ್ಟೆಯೊಳಗೇ ಒಂದು ತೊಡಕಿದೆ. ಮೊದಲ ಕೋಣೆಯಲ್ಲಿ ಹುಲ್ಲಿನ ನಾರನ್ನು ಒಡೆಯುವವರು ಕುರಿಯೂ ಅಲ್ಲ, ದನವೂ ಅಲ್ಲ. ಅಲ್ಲಿ ನೆಲಸಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು. ಅವುಗಳ ಕೆಲಸದಲ್ಲಿ ಮಿಥೇನ್ ಅನಿಲ ಹುಟ್ಟಿ ತೇಗಿನೊಡನೆ ಹೊರಬೀಳುತ್ತದೆ. ತಿಂದ ಮೇವಿನ ಶಕ್ತಿಯಲ್ಲಿ ನೂರಕ್ಕೆ 2ರಿಂದ 12ರವರೆಗೆ ಹೀಗೆ ಗಾಳಿಯ ಪಾಲಾಗುತ್ತದೆ. ಮೇವು ಒರಟಾದಷ್ಟೂ ನಷ್ಟ ಹೆಚ್ಚು. ಮಿಥೇನ್ ಆಕಾಶದಲ್ಲಿ ಉಳಿಯುವುದು ಹನ್ನೆರಡು ವರ್ಷಗಳಷ್ಟಾದರೂ, ನೂರು ವರ್ಷದ ಲೆಕ್ಕದಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಶಾಖವನ್ನು ಹಿಡಿದಿಡುತ್ತದೆ. 119 ದೇಶಗಳ ಸುಮಾರು 38,700 ಹೊಲಗದ್ದೆಗಳ ಮಾಹಿತಿಯನ್ನು ಒಟ್ಟುಗೂಡಿಸಿ ಪೂರ್ ಮತ್ತು ನೆಮೆಚೆಕ್ ಎಂಬ ಸಂಶೋಧಕರು 2018ರಲ್ಲಿ ಕೊಟ್ಟ ಜಾಗತಿಕ ಸರಾಸರಿ ಹೀಗಿದೆ: ನೂರು ಗ್ರಾಂ ಪ್ರೋಟೀನಿಗೆ ಮಾಂಸಕ್ಕೆಂದೇ ಸಾಕಿದ ದನದಿಂದ 50 ಕಿಲೋ, ಕುರಿಯಿಂದ 20 ಕಿಲೋ, ಕೋಳಿಯಿಂದ 5.7 ಕಿಲೋ ಶಾಖವರ್ಧಕ ಅನಿಲ. ಬೇಳೆಕಾಳುಗಳಿಂದ ಒಂದು ಕಿಲೋಗೂ ಕಡಿಮೆ. ಹುಲ್ಲುಗಾವಲಿನ ಮಣ್ಣು ಇಂಗಾಲವನ್ನು ಹೀರಿಕೊಂಡು ಈ ಸಾಲವನ್ನು ತೀರಿಸೀತೆಂಬ ವಾದವನ್ನು ಆಕ್ಸ್‌ಫರ್ಡಿನ ವಿದ್ವಾಂಸರ ತಂಡವೊಂದು 2017ರಲ್ಲಿ ಪರಿಶೀಲಿಸಿ, ಬಹಳ ಅನುಕೂಲವಾದ ಸ್ಥಿತಿಯಲ್ಲಿಯೂ ನೂರಕ್ಕೆ 20ರಿಂದ 60 ಪಾಲು ಮಾತ್ರ ತೀರೀತೆಂದು ಹೇಳಿತು.

ಆದ್ದರಿಂದ ಇಲ್ಲಿ ಎರಡು ಸತ್ಯಗಳು ಎದುರುಬದುರಾಗಿ ನಿಂತಿವೆ. ಆಕಾಶದ ಲೆಕ್ಕದಲ್ಲಿ ಕೋಳಿ ಗೆಲ್ಲುತ್ತದೆ. ಕಣಜದ ಲೆಕ್ಕದಲ್ಲಿ ಕುರಿ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಮೇಲಾಗಿ ಕುರಿಯ ಗೆಲುವಿಗೆ ಎಲ್ಲೆಯುಂಟು: ಇರುವ ಹುಲ್ಲು, ಇರುವ ಕೂಳೆ ಎಷ್ಟೋ ಅಷ್ಟೇ ಕುರಿ. ಪಟ್ಟಣದ ಬೇಡಿಕೆಗೆ ತಕ್ಕಂತೆ ಅದನ್ನು ಹಿಗ್ಗಿಸಲು ಹೊರಟು ಕೊಟ್ಟಿಗೆಯಲ್ಲಿ ಕಟ್ಟಿ ಕಾಳು ತಿನ್ನಿಸತೊಡಗಿದೊಡನೆ ಆಕಾಶದಲ್ಲೂ ಸೋಲು, ಕಣಜದಲ್ಲೂ ಸೋಲು.

ಕೋಳಿಗೆ ಅಂಥ ಎಲ್ಲೆ ಇರಲಿಲ್ಲ. ಅದೇ ಅದರ ಗುಣವೂ ದೋಷವೂ ಆಯಿತು. ಒಂದು ವಸ್ತುವನ್ನು ಮಾಡುವ ಖರ್ಚು ಇಳಿದರೆ ಒಟ್ಟು ಖರ್ಚು ಇಳಿಯುತ್ತದೆಂದು ಎಣಿಸುವುದು ಸಹಜ. ನಡೆದದ್ದು ಬೇರೆ. 1961ರಲ್ಲಿ ಜಗತ್ತು ಸುಮಾರು 90 ಲಕ್ಷ ಟನ್ ಕೋಳಿಮಾಂಸವನ್ನು ಉತ್ಪಾದಿಸಿತು. 2020ರ ಹೊತ್ತಿಗೆ ಅದು 13 ಕೋಟಿ ಟನ್ ಮೀರಿತ್ತು. ಒಂದೊಂದು ಕೋಳಿಗೆ ತಗಲುವ ಹಿಟ್ಟು ಅರ್ಧವಾಯಿತು, ಕೋಳಿಯ ರಾಶಿ ಹದಿನಾಲ್ಕು ಪಟ್ಟಾಯಿತು. ಭೂಮಿಯ ಮೇಲಿನ ಕಾಡುಹಕ್ಕಿಗಳೆಲ್ಲವನ್ನೂ ಒಂದು ತಟ್ಟೆಗೆ ಹಾಕಿದರೂ ಸಾಕುಹಕ್ಕಿಗಳ ತೂಕ ಅದರ ಮೂರರಷ್ಟಾಗುತ್ತದೆಂದು 2018ರ ಅಂದಾಜೊಂದು ಹೇಳುತ್ತದೆ. ಬಡವನ ಮನೆಯಲ್ಲೂ ಕೋಳಿ ಬೇಯುವಂತಾಯಿತೆಂಬುದನ್ನು ಮಾತ್ರ ಮರೆಯಬಾರದು. ಹಬ್ಬಕ್ಕೊಮ್ಮೆ ಕಂಡದ್ದು ವಾರಕ್ಕೊಮ್ಮೆ ಕಾಣುವಂತಾದದ್ದನ್ನು, ತಾನು ಹೊಟ್ಟೆ ತುಂಬ ಉಂಡವನು ಕುಳಿತು ಹಳಿಯುವುದು ಸಲ್ಲದು.

ಆ ಹಿಟ್ಟು ಬರುವುದೆಲ್ಲಿಂದ? ಬಹುಮಟ್ಟಿಗೆ ನಮ್ಮ ಮಧ್ಯ ಕರ್ನಾಟಕದಿಂದಲೇ. ದಾವಣಗೆರೆ, ಹಾವೇರಿ, ಶಿವಮೊಗ್ಗ, ಚಿತ್ರದುರ್ಗಗಳ ನಡುವೆ ಮಳೆಗಾಲದಲ್ಲಿ ಪಯಣ ಮಾಡಿದವರಿಗೆ ದಾರಿಯ ಎರಡು ಕಡೆಯೂ ಮೆಕ್ಕೆಜೋಳವಲ್ಲದೆ ಬೇರೊಂದು ಕಾಣುವುದು ಕಷ್ಟ. ಹಳೆಯ ಮೈಸೂರಿನವರು ಇದನ್ನು ಮುಸುಕಿನ ಜೋಳವೆನ್ನುತ್ತಾರೆ. ಧಾರವಾಡದ ಕಡೆಯವರು ಗೋವಿನ ಜೋಳ. ಹೆಸರಿನಲ್ಲಿ ಗೋವಿದೆ, ತಿನ್ನುವುದು ಕೋಳಿ! ಜೋಳ, ರಾಗಿ, ನವಣೆ, ಹತ್ತಿ ಬೆಳೆಯುತ್ತಿದ್ದ ಹೊಲಗಳಿಗೆ ಅದು ಬಂದಾಗ ಮನುಷ್ಯನ ಕಾಳು ಮಾತ್ರ ಕಡಿಮೆಯಾಗಲಿಲ್ಲ; ದನಗಳು ಮೆಚ್ಚಿ ತಿನ್ನುತ್ತಿದ್ದ ಕಣಿಕೆಯ ಬಣವೆಯೂ ಕರಗಿತು. ಒಂದೇ ಬೆಳೆಯ ಹಾಸು ಕೀಟಗಳಿಗೂ ಹಬ್ಬದೂಟ. ಅಮೆರಿಕ ಖಂಡದ ಸೈನಿಕ ಹುಳು ಭಾರತದಲ್ಲಿ ಮೊದಲು ಕಣ್ಣಿಗೆ ಬಿದ್ದುದು 2018ರಲ್ಲಿ, ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ.

ಸೋಯಾ ಹಿಂಡಿಯ ಕಥೆಯೂ ಸಣ್ಣದಲ್ಲ. ನಮ್ಮ ದೇಶದ ಸೋಯಾ ಹೆಚ್ಚಾಗಿ ಮಧ್ಯಪ್ರದೇಶ ಮಹಾರಾಷ್ಟ್ರಗಳದು; ಬೀದರಿನ ಕಪ್ಪುನೆಲದಲ್ಲೂ ಬೆಳೆಯುತ್ತದೆ. 2021ರಲ್ಲಿ ಹಿಂಡಿಯ ಬೆಲೆ ಗಗನಕ್ಕೇರಿದಾಗ ಕೋಳಿ ಸಾಕುವವರ ಮೊರೆಗೆ ಓಗೊಟ್ಟ ಕೇಂದ್ರ ಸರ್ಕಾರವು, ಕುಲಾಂತರಿ ಸೋಯಾಬೀಜದಿಂದ ತೆಗೆದ 12 ಲಕ್ಷ ಟನ್ ಹಿಂಡಿಯನ್ನು ಹೊರಗಿನಿಂದ ತರಲು ಅನುಮತಿ ಕೊಟ್ಟಿತು. ಹಾಗೆ ಮಾಡಿದ್ದು ಅದೇ ಮೊದಲು. ಮುಂದೆ ಮೆಕ್ಕೆಜೋಳಕ್ಕೇ ಹೊಸ ಗಿರಾಕಿ ಬಂದ. ಪೆಟ್ರೋಲಿಗೆ ಬೆರೆಸುವ ಎಥನಾಲನ್ನು ಈ ಕಾಳಿನಿಂದ ತೆಗೆಯತೊಡಗಿದ ಮೇಲೆ, ಹೊರದೇಶಗಳಿಗೆ ಮೆಕ್ಕೆಜೋಳ ಮಾರುತ್ತಿದ್ದ ಭಾರತ 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ಗಳಿಂದ ಅದನ್ನು ಕೊಳ್ಳುವಂತಾಯಿತು. ಮನುಷ್ಯನಿಗೂ ಕೋಳಿಗೂ ನಡುವೆ ಇದ್ದ ವ್ಯಾಜ್ಯದಲ್ಲಿ ಮೋಟಾರು ಗಾಡಿ ಮೂರನೆಯ ಕಕ್ಷಿಯಾಗಿ ಬಂದು ಕುಳಿತಿದೆ.

ನಡುದಾರಿಗಳು ಇಲ್ಲದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದವರು ರೂಪಿಸಿದ ‘ಗಿರಿರಾಜ’ ಕೋಳಿ ಅಂಥದೊಂದು. ಹಿತ್ತಿಲಲ್ಲಿ ಕೆದಕಿ, ಹುಳುಹುಪ್ಪಟೆ ಆಯ್ದು, ಮುಸುರೆಯ ಅನ್ನವನ್ನೂ ಒರಳಿನ ಬಳಿ ಚೆಲ್ಲಿದ ನುಚ್ಚನ್ನೂ ತಿಂದು ಬದುಕಬಲ್ಲ, ನಾಟಿ ಕೋಳಿಗಿಂತ ಬೇಗ ಬೆಳೆಯುವ ಬಣ್ಣದ ಹಕ್ಕಿ. ಶೆಡ್ಡಿನ ಲೆಕ್ಕದಲ್ಲಿ ಅದು ಸೋಮಾರಿ. ಆದರೆ ಯಾರ ಕಣಜಕ್ಕೂ ಕೈಹಾಕದ ಸೋಮಾರಿ. ಅದರಿಂದ ಬೆಂಗಳೂರಿನಂಥ ನಗರಕ್ಕೆ ಮಾಂಸ ಸಾಲದು, ನಿಜ. ನಗರಕ್ಕೆ ಬೇಕಾದಷ್ಟು ಮಾಂಸ ಯಾವ ದಾರಿಯಿಂದಲೂ ನಿರಪಾಯವಾಗಿ ಬಾರದೆಂದೇ ನನ್ನ ಎಣಿಕೆ. ಬೇಳೆಯ ಸಾರಿನ ಪಕ್ಕದಲ್ಲಿ ಮಾಂಸ ಮಿತವಾಗಿ ಇರುವ ತಟ್ಟೆಯೇ ಲೆಕ್ಕಕ್ಕೆ ಹೊಂದುವ ತಟ್ಟೆ. ಅದು ಇತ್ತೀಚಿನವರೆಗೂ ನಮ್ಮ ನಾಡಿನ ಹೆಚ್ಚಿನ ಮನೆಗಳ ತಟ್ಟೆಯೇ ಆಗಿತ್ತು, ಬಹುಪಾಲು ಬಡತನದಿಂದಲೇ ಆದರೂ.

ಹುಲ್ಲಿನ ಕಡೆಯ ದಾರಿ ಇನ್ನೂ ಇಕ್ಕಟ್ಟಾಗಿದೆ. ಕುರಿ ಹುಲ್ಲನ್ನು ಮಾಂಸವಾಗಿಸಬೇಕಾದರೆ ಹುಲ್ಲಿರುವ ನೆಲ ಬೇಕು. ಮೈಸೂರು ಸೀಮೆಯ ಅರಸರು ಇದನ್ನು ಚೆನ್ನಾಗಿ ಅರಿತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯಾಗಿದ್ದು, ಟಿಪ್ಪುವಿನಿಂದ ‘ಅಮೃತ ಮಹಲ್’ ಎಂಬ ಹೆಸರು ಪಡೆದ ಇಲಾಖೆಗೆ ಸೇರಿದ ಕಾವಲುಗಳು ಈ ನಾಡಿನುದ್ದಕ್ಕೂ ಹರಡಿದ್ದುವು. ಸೈನ್ಯದ ಎತ್ತುಗಳಿಗೆಂದು ಕಾಯ್ದಿಟ್ಟ ಆ ಹುಲ್ಲುಗಾವಲುಗಳಲ್ಲಿ ಊರವರ ಕುರಿಯೂ ಕೃಷ್ಣಮೃಗವೂ ಪಾಲು ಪಡೆದುವು. ಸರ್ಕಾರದ ಕಡತಗಳಲ್ಲಿ ಇಂಥ ನೆಲಕ್ಕೆ ‘ಬಂಜರು’ ಎಂಬ ಪದ ಅಂಟಿಕೊಂಡಾಗ ಅದರ ಆಯುಷ್ಯ ಮುಗಿಯಿತೆಂದು ತಿಳಿಯಬೇಕು. ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ, ಕುದಾಪುರಗಳ ಸುತ್ತಿನ ಕಾವಲಿನಲ್ಲಿ 8,000 ಎಕರೆಗೂ ಮೀರಿದ ನೆಲವನ್ನು 2010ರ ಆಸುಪಾಸಿನಲ್ಲಿ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನದ ಸಂಸ್ಥೆಗಳಿಗೆ ಹಂಚಲಾಯಿತು. ಗೋಡೆಗಳು ಎದ್ದುವು, ಹಳ್ಳಿಯವರು ಪ್ರತಿಭಟಿಸಿದರು, ವಿವಾದ ಹಸಿರು ನ್ಯಾಯಮಂಡಲಿಯವರೆಗೂ ಹೋಯಿತು. ಆ ಸೀಮೆಯ ಕುರಿಯ ಉಣ್ಣೆಯಿಂದಲೇ ಚಳ್ಳಕೆರೆಯ ಕಂಬಳಿ ಹುಟ್ಟುತ್ತಿತ್ತು. ಗೋಡೆಯ ಒಳಗಿನ ಹುಲ್ಲು ಈಗಲೂ ಮಳೆ ಬಿದ್ದಾಗ ಚಿಗುರುತ್ತದೆ. ಗೋಡೆಯ ಹೊರಗಿನ ಹಿಂಡು ಅದನ್ನು ಬಳಸಿಕೊಂಡು, ಮೆಕ್ಕೆಜೋಳ ಕೊಯ್ದು ಖಾಲಿಯಾದ ಹೊಲಗಳ ಕಡೆಗೆ ನಡೆಯುತ್ತದೆ.